ನಾವೂ ಸಿನೆಮಾ ತೆಗೆದೆವು!



ಸಿನೆಮಾ ಅಂದ್ರ ಬೆಂಗಳೂರು, ಮುಂಬೈಯವರ ಕೆಲಸ ಎಂದು ನಾವೂ ತಿಳಿದಿದ್ದೆವು. ಆದರೆ ನಮ್ಮ ಒಂಬತ್ತನೇ ತರಗತಿಯ ಏಳು ಮಂದಿ ಸೇರಿ ಒಂದು ಮೊಬೈಲಿನಲ್ಲಿ ನಾಲ್ಕು ನಿಮಿಷದ ಕಿರುಚಿತ್ರ ತೆಗೆದಿದ್ದೇವೆ. ಅದು ಹೇಗೆಂದು ಎಲ್ಲರಿಗೂ ತಿಳಿಯಲಿ ಎಂದು ಕನ್ನಡ ಗುರುಗಳು ಹೇಳಿದ್ದರಿಂದ ಬರೆಯುತ್ತಿದ್ದೇನೆ.

1. ವಿಚಾರ: ಮೊದಲು ನಾವು ದೆವ್ವದ ಕಥೆ ಮಾಡೋಣ ಅಂದೆವು. ಗುರುಗಳು ನಕ್ಕು, "ಅದನ್ನ ಟಿ.ವಿ.ಯವರು ತೋರಸ್ತಾರ. ನಿಮಗಷ್ಟ ಗೊತ್ತಿರೋ ಕಥಿ ಯಾವುದೈತಿ, ಅದನ್ನ ಹೇಳ್ರಿ" ಎಂದರು. ಆಗ ನಮ್ಮ ಹಿಂದಿನ ಬೆಂಚಿನ ಗೆಳತಿ ನೆನಪಾದಳು. ಅವಳ ಊರು ಖಾನಾಪುರದ ಅಡವಿ ಅಂಚಿನಲ್ಲಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬಸ್ಸು ಇಲ್ಲ, ನಡೆದೇ ಬರಬೇಕು. ಹೋದ ಮಳೆಗಾಲದಲ್ಲಿ ಅವಳ ಮನೆಯಲ್ಲಿ "ಇನ್ನ ಸಾಲಿ ಸಾಕು" ಅಂದಿದ್ದರು. ಇದೇ ನಮ್ಮ ಕಥೆಯಾಯಿತು. ಅವಳನ್ನು ಕೇಳಿದೆವು. "ಮಾಡ್ರಿ, ಆದ್ರ ನನ್ನ ಮಾರಿ ತೋರಸಬ್ಯಾಡ್ರಿ" ಅಂದಳು. ಹೀಗಾಗಿ ಬರೀ ಕಾಲು, ಚಪ್ಪಲಿ, ಕೊಡೆ ತೋರಿಸಿದೆವು.

ಸಣ್ಣ ಕಥೆ ಸಾಲದು ಎನ್ನಬೇಡಿರಿ. ಮೈಸೂರಿನ ಚಿದಾನಂದ ನಾಯ್ಕ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯುವಾಗ 16 ನಿಮಿಷದ ಕನ್ನಡ ಚಿತ್ರ ತೆಗೆದರು. ಅಜ್ಜಿಯೊಬ್ಬಳು ಹುಂಜ ಕದ್ದಳು, ಊರಿಗೆ ಬೆಳಗೇ ಆಗಲಿಲ್ಲ. ಇಷ್ಟೇ ಜನಪದ ಕಥೆ! 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು.

2. ಬರವಣಿಗೆ: ಕಥೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಆಮೇಲೆ ನೋಟಬುಕ್ಕಿನಲ್ಲಿ ಚೌಕ ಹಾಕಿ ಒಂದೊಂದು ದೃಶ್ಯದ ಚಿತ್ರ ಬಿಡಿಸಿರಿ. ನಮಗೆ 22 ಚೌಕ ಆದವು.

3. ಚಿತ್ರೀಕರಣ: ಮೊಬೈಲನ್ನು ಅಡ್ಡ ಹಿಡಿಯಬೇಕು. ಕೈ ನಡುಗುತ್ತದೆ, ಆದ್ದರಿಂದ ಇಟ್ಟಂಗಿಯ ಮೇಲಿಡಿ. ಕರೆ ಬರದಂತೆ ಬಂದ್ ಮಾಡಿಡಿ. ಮೊದಲ ದಿನ ನಾವು ಮರೆತೆವು, ನಡುವೆ ಮಾಮಾನ ಫೋನು ಬಂತು! ಗಾಳಿಯ ಭರಾಟೆಯಲ್ಲಿ ಮಾತೂ ಕೇಳಲಿಲ್ಲ. ಮರುದಿನ ಇನ್ನೊಂದು ಮೊಬೈಲನ್ನು ಮಾತಾಡುವವರ ಜೇಬಿನಲ್ಲಿಟ್ಟು ಧ್ವನಿ ಹಿಡಿದೆವು.

4. ಮಳೆ, ಗುಡುಗು, ಬೆಳಕು: ಫೆಬ್ರವರಿಯಲ್ಲಿ ಮಳೆ ಎಲ್ಲಿಂದ ತರೋದು? ಹಳೇ ಎಣ್ಣೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಗೋಡೆ ಮೇಲಿಂದ ನೀರು ಸುರಿದೆವು. ಮೊದಲ ಸಲ ಮಳೆ ಕಾಣಲೇ ಇಲ್ಲ. ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಆಗಷ್ಟೇ ಹನಿ ಮಿನುಗುತ್ತದೆ. ಕಪ್ಪು ಕಂಬಳಿ ಕಟ್ಟಿದ ಮೇಲೆ ಧೋ ಧೋ ಮಳೆ! ಗುಡುಗಿಗೆ ನಾಟಕ ಕಂಪನಿಯವರಂತೆ ತಗಡು ಅಲ್ಲಾಡಿಸಿದೆವು. ಗಡಿಗೆ, ಹಂಚಿಗೆ ಹೆಸರಾದ ಖಾನಾಪುರದಲ್ಲಿ ಕೆಸರಿಗೇನು ಬರ?

ಕತ್ತಲೆ ಕೋಣೆಗೆ ಅಂಗಳದ ಬಿಸಿಲನ್ನು ಕನ್ನಡಿಯಿಂದ ತಿರುಗಿಸಿದೆವು. 1959ರ 'ಕಾಗಜ್ ಕೆ ಫೂಲ್' ಹಿಂದಿ ಚಿತ್ರದಲ್ಲಿ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕನ್ನಡಿಯಿಂದಲೇ ಬಿಸಿಲಿನ ಕೋಲು ಮೂಡಿಸಿದ್ದರು. ಆದರೆ ಎಚ್ಚರ: ಕನ್ನಡಿ ಬಿಸಿಲನ್ನು ಯಾರ ಕಣ್ಣಿಗೂ ಹೊಡೆಯಬಾರದು. ನೀರಿದ್ದಲ್ಲಿ ಕರೆಂಟು ಬೇಡವೇ ಬೇಡ. ತುಂಬಿದ ಹಳ್ಳಕ್ಕೆ ಯಾರೂ ಇಳಿಯಬಾರದು.

5. ಜೋಡಣೆ: ಬೆಳಗಾವಿಯಲ್ಲಿ ಕಾಲೇಜು ಕಲಿಯುವ ನಮ್ಮಣ್ಣನ ಕೋಣೆಯಲ್ಲಿ ಕೂತು ತುಣುಕು ಜೋಡಿಸಿದೆವು. ಚಂದದ ಸೂರ್ಯಾಸ್ತ ಒಂದಿತ್ತು. ಅಣ್ಣ, "ಚಂದ ಐತಿ ಅಂತ ಇಡಬ್ಯಾಡೋ, ಕಥಿಗೆ ಬೇಕಂದ್ರ ಇಡು" ಅಂದ. ತೆಗೆದೆವು. ಹೊಟ್ಟೆ ಉರಿಯಿತು, ಆದರೆ ಚಿತ್ರ ಬಿಗಿಯಾಯಿತು.

ಪಾಲಕರ ಸಭೆಯ ದಿನ ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದೆವು. ಗೆಳತಿಯ ಅಪ್ಪಾರೂ ಬಂದಿದ್ದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಆ ಚಪ್ಪಲ ನಾನ ಕೊಡಿಸಿದ್ದು" ಅಂದರು, ಅಷ್ಟೇ. ಆ ಡಬ್ಬಿ ಹಿಡಿದು ಮಳೆ ಸುರಿಸಿದವಳು ಅವಳೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮತ್ತೆ ಜೂನ್ ಬರುತ್ತದೆ, ಹಳ್ಳ ತುಂಬುತ್ತದೆ. ಹಿಂದಿನ ಬೆಂಚು ಖಾಲಿ ಇರಬಾರದು. ನೀವೂ ನಿಮ್ಮೂರಿನ ಒಂದು ಕಥೆ ಹುಡುಕಿರಿ. ಇಟ್ಟಂಗಿ, ಡಬ್ಬಿ, ಕಂಬಳಿ ನಮ್ಮ ಹತ್ತಿರ ಇವೆ, ಕೇಳಿದರೆ ಕೊಡುತ್ತೇವೆ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ