ವಿಮಾನ ಕಟ್ಟುವುದು ಹೇಗೆ? (ನಾವು ಕಟ್ಟಿದ್ದು ನಾಲ್ಕಡಿ ರೆಕ್ಕೆ ಮಾತ್ರ)

ಮೊದಲೇ ಹೇಳಿಬಿಡುತ್ತೇವೆ, ನಾವು ವಿಮಾನ ಕಟ್ಟಿಲ್ಲ. ಕಳೆದ ಮಳೆಗಾಲದ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಗಂಗೊಳ್ಳಿಯ ಒಂದು ದೋಣಿ ರಿಪೇರಿ ಶೆಡ್‌ನಲ್ಲಿ ಕಟ್ಟಿದ್ದು ನಾಲ್ಕಡಿ ಉದ್ದದ ಒಂದು ರೆಕ್ಕೆಯ ತುಂಡು. ಅದೂ ಈಗ ಎರಡು ತುಂಡಾಗಿದೆ. ಹಾಗಿದ್ದ ಮೇಲೆ ಈ ಲೇಖನ ಯಾಕೆ ಅಂತ ಕೇಳಬಹುದು. ನಾಲ್ಕಡಿಯಲ್ಲೇ ಇಷ್ಟು ತಪ್ಪು ಮಾಡಿದವರು ಪೂರ್ತಿ ವಿಮಾನ ಕಟ್ಟುವವರಿಗೆ ಎಚ್ಚರಿಕೆ ಹೇಳದೆ ಇದ್ದರೆ ಪಾಪ ಬರುತ್ತೆ, ಅದಕ್ಕೆ.

ಮನೆಯಲ್ಲೇ ವಿಮಾನ ಕಟ್ಟುವುದು ಹುಚ್ಚು ಅನಿಸಬಹುದು, ಆದರೆ ಹೊಸ ಹುಚ್ಚಲ್ಲ. ರೈಟ್ ಸಹೋದರರು ಸೈಕಲ್ ಅಂಗಡಿಯವರು. ಅಮೆರಿಕದಲ್ಲಿ ಹೀಗೆ ವಿಮಾನ ಕಟ್ಟುವವರ ಸಂಘ 1953ರಲ್ಲೇ ಶುರುವಾಗಿದೆ. ಅಲ್ಲಿನ ಬರ್ಟ್ ರುಟಾನ್ ಎಂಬ ಡಿಸೈನರ್ 1979ರಲ್ಲಿ 'ಲಾಂಗ್-ಈಝಿ' ಅನ್ನುವ ಎರಡು ಸೀಟಿನ ವಿಮಾನ ಹಾರಿಸಿದರು. ಅಚ್ಚು ಬೇಡ, ದೊಡ್ಡ ಯಂತ್ರ ಬೇಡ. ಫೋಮ್ ಅನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರೆಸಿನ್ ಹಚ್ಚಿ ಒಣಗಿಸುವುದು, ಅಷ್ಟೆ. ಇದಕ್ಕೂ ನಮಗೂ ಏನು ಸಂಬಂಧ ಅಂದ್ರೆ, 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್ ಇದೇ ಲಾಂಗ್-ಈಝಿ ಆಧಾರದ ಮೇಲೆ 'ಎಲ್‌ಸಿಆರ್‌ಎ' ಎಂಬ ಪ್ರಾಯೋಗಿಕ ವಿಮಾನ ಕಟ್ಟಿತು. ಅಲ್ಲಿ ಕಲಿತದ್ದು ಮುಂದೆ 1993ರಲ್ಲಿ ಹಾರಿದ 'ಹಂಸ' ವಿಮಾನಕ್ಕೆ ಉಪಯೋಗಕ್ಕೆ ಬಂತು. ಅಂದರೆ ದೇಶದ ದೊಡ್ಡ ಲ್ಯಾಬ್ ಕೂಡ ಕಲಿಯಲು ಶೆಡ್‌ನಲ್ಲಿ ಕಟ್ಟುವ ವಿಮಾನವನ್ನೇ ಆರಿಸಿಕೊಂಡಿತ್ತು. ನಮಗೆ ಅಷ್ಟು ಧೈರ್ಯ ಸಾಕಾಯ್ತು.

ಗಂಗೊಳ್ಳಿಯೇ ಯಾಕೆ? ನಮ್ಮಲ್ಲೊಬ್ಬನ ಮಾವನಿಗೆ ಅಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಶೆಡ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ದಡ ಸೇರಿ ರಿಪೇರಿಗೆ ಸಾಲು ನಿಲ್ಲುತ್ತವೆ. ಗಾಜಿನ ಬಟ್ಟೆ, ರೆಸಿನ್, ಬ್ರಷ್, ಅನುಭವ ಎಲ್ಲ ಒಂದೇ ಸೂರಿನಡಿ. ಮೊದಲ ದಿನ ನಮ್ಮ ಡ್ರಾಯಿಂಗ್ ನೋಡಿ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ ಮಕ್ಳೆ, ಇದ್ರಗೆ ಕೂಕಂಬುದ್ ಯಾರ್?" ಇದರಲ್ಲಿ ಕೂರುವವರು ಯಾರು ಅಂತ. ನಾವು ನಕ್ಕೆವು. ಆ ಪ್ರಶ್ನೆ ಕೊನೆಗೆ ಮತ್ತೆ ಬರುತ್ತೆ.

ಪಾಠ 1: ಡ್ರಾಯಿಂಗ್ ಚೆನ್ನಾಗಿದ್ದರೆ ಸಾಲದು

'ವೈಮಾನಿಕ ಶಾಸ್ತ್ರ' ಎಂಬ ಗ್ರಂಥದ ಹೆಸರು ಕೇಳಿರುತ್ತೀರಿ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ಅವಧಿಯಲ್ಲಿ ಹೇಳಿ ಬರೆಸಿದ್ದು. ಅದರ ಚಿತ್ರಗಳನ್ನು ಬರೆದವರು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಡ್ರಾಫ್ಟ್ಸ್‌ಮನ್. ನಮ್ಮವರೇ! 1974ರಲ್ಲಿ ಐಐಎಸ್‌ಸಿಯ ಐದು ಜನ ಅದನ್ನು ಓದಿ, ತೂಕ, ಬಲ ಎಲ್ಲ ಲೆಕ್ಕ ಹಾಕಿ, ಇದರಲ್ಲಿ ಯಾವ ವಿಮಾನವೂ ಹಾರುವಂಥದ್ದಲ್ಲ ಅಂತ ಬರೆದರು. ನಾವು ಇದನ್ನು ಹೇಳುತ್ತಿರುವುದು ಯಾರನ್ನೋ ಆಡಿಕೊಳ್ಳಲು ಅಲ್ಲ. ನಮ್ಮ ಮೊದಲ ಕ್ಯಾಡ್ ಮಾಡೆಲ್ ಕೂಡ ಸ್ಕ್ರೀನ್ ಮೇಲೆ ಅಷ್ಟೇ ಚಂದ ಇತ್ತು. ಲೆಕ್ಕ ಹಾಕಿದಾಗ ಎಂಜಿನ್ ಕೂರಿಸಲು ಜಾಗವೇ ಇರಲಿಲ್ಲ. ರೆಂಡರ್ ಮಾಡುವ ಮೊದಲು ತೂಕದ ಪಟ್ಟಿ ಬರೆಯಿರಿ.

ಪಾಠ 2: ಬಾಗಿಲು ಅಳೆಯಿರಿ, ಕ್ಯಾಲೆಂಡರ್ ನೋಡಿ

ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೇ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಒಯ್ಯುವಾಗ ಅದನ್ನು ತಾರಸಿಯಿಂದ ಕೆಳಗಿಳಿಸುವುದೇ ಒಂದು ದೊಡ್ಡ ಪ್ರಾಜೆಕ್ಟ್ ಆಯ್ತು. ಆಮೇಲೆ ನೋಂದಣಿ ಸಿಕ್ಕಿದ್ದು 2017ರಲ್ಲಿ. ಲಾಂಗ್-ಈಝಿಯ ರೆಕ್ಕೆ ತುದಿಯಿಂದ ತುದಿಗೆ ಸುಮಾರು 8 ಮೀಟರ್. ನಿಮ್ಮ ಗ್ಯಾರೇಜ್ ಬಾಗಿಲು ಎಷ್ಟು?

ಇನ್ನು ಸಮಯ. ಇಂಥ ವಿಮಾನಕ್ಕೆ 2000 ಗಂಟೆ ಹಿಡಿಯಿತು ಅಂದುಕೊಳ್ಳಿ. ದಿನಕ್ಕೆ ಎರಡು ಗಂಟೆ ಕೆಲಸ ಮಾಡಿದರೂ 1000 ದಿನ, ಹತ್ತಿರ ಹತ್ತಿರ ಮೂರು ವರ್ಷ. ಸೆಕೆಂಡ್ ಇಯರ್‌ನಲ್ಲಿ ಶುರು ಮಾಡಿದರೆ ಡಿಗ್ರಿ ಮುಗಿಯುತ್ತೆ, ವಿಮಾನ ಮುಗಿಯಲ್ಲ. ಅಟೆಂಡೆನ್ಸ್ ಶಾರ್ಟೇಜ್ ಬೇರೆ. ಅದಕ್ಕೇ ನಾವು ನಾಲ್ಕಡಿಗೆ ನಿಂತೆವು. ಇದು ಸೋಲಲ್ಲ, ಒಳ್ಳೆಯ ಟಿಪ್: ಪೂರ್ತಿ ವಿಮಾನಕ್ಕೆ ಮೊದಲು ಒಂದು ತುಂಡು ಕಟ್ಟಿ, ಅದನ್ನು ಮುರಿದು ನೋಡಿ.

ಪಾಠ 3: ಒಂದೇ ಭಾಷೆಯಲ್ಲಿ ಎಣಿಸಿ

ಫೋಮ್ ಕತ್ತರಿಸುವುದು ನೈಕ್ರೋಮ್ ತಂತಿಗೆ ಕರೆಂಟ್ ಕೊಟ್ಟು. ಎರಡೂ ತುದಿಗೆ ರೆಕ್ಕೆಯ ಆಕಾರದ ಪ್ಲೈವುಡ್ ಟೆಂಪ್ಲೇಟ್, ಅದರ ಮೇಲೆ 1ರಿಂದ 40ರವರೆಗೆ ಗುರುತು. ಆ ಕಡೆ ಒಬ್ಬ, ಈ ಕಡೆ ಒಬ್ಬ ತಂತಿ ಹಿಡಿದು ಜೋರಾಗಿ ನಂಬರ್ ಹೇಳುತ್ತಾ ಒಟ್ಟಿಗೆ ಸಾಗಬೇಕು. ಒಬ್ಬ ನಿಂತರೆ ಅಲ್ಲಿ ತಂತಿ ಫೋಮ್ ಸುಟ್ಟು ಗುಂಡಿ ಮಾಡುತ್ತೆ. ನಮ್ಮಲ್ಲೊಬ್ಬ ಕನ್ನಡದಲ್ಲಿ ಎಣಿಸಿದ. ಇನ್ನೊಂದು ತುದಿಯಲ್ಲಿದ್ದವನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. "ಇಪ್ಪತ್ತೊಂಬತ್ತು" ಅಂದರೆ ಅವನ ತಲೆಯಲ್ಲಿ ಟ್ವೆಂಟಿ ನೈನಾ ಥರ್ಟಿ ನೈನಾ ಅಂತ ಅರ್ಧ ಸೆಕೆಂಡ್ ಚರ್ಚೆ. ರೆಕ್ಕೆಯ ಬೆನ್ನ ಮೇಲೆ ಎರಡು ಮೆಟ್ಟಿಲು ಬಂದವು. ಕನ್ನಡ ಸಂಘದ ಸದಸ್ಯರಾಗಿ ಇಷ್ಟು ನಾಚಿಕೆ ನಮಗೆ ಹಿಂದೆಂದೂ ಆಗಿರಲಿಲ್ಲ.

ಸೀರಿಯಸ್ ಆಗಿ ಒಂದು ಮಾತು: ಬಿಸಿ ತಂತಿ ಪಾಲಿಸ್ಟೈರೀನ್ ಫೋಮ್‌ಗೆ ಮಾತ್ರ, ಅದೂ ಗಾಳಿಯಾಡುವ ಜಾಗದಲ್ಲಿ. ಹಳದಿ ಬಣ್ಣದ ಪಾಲಿಯುರೆಥೇನ್ ಫೋಮ್‌ಗೆ ತಂತಿ ತಾಗಿಸಲೇಬೇಡಿ, ವಿಷದ ಹೊಗೆ ಬರುತ್ತೆ. ಅದನ್ನು ಚಾಕು, ಗರಗಸದಲ್ಲೇ ಕತ್ತರಿಸಬೇಕು.

ಪಾಠ 4: ದೋಣಿಯ ರೆಸಿನ್ ಬೇರೆ, ವಿಮಾನದ ರೆಸಿನ್ ಬೇರೆ

ಶೆಡ್‌ನಲ್ಲಿ ಡ್ರಮ್‌ಗಟ್ಟಲೆ ರೆಸಿನ್ ಇರುವಾಗ ದುಡ್ಡು ಕೊಟ್ಟು ಬೇರೆ ಯಾಕೆ ತರಬೇಕು ಅಂತ ಅದನ್ನೇ ಫೋಮ್ ಮೇಲೆ ಹಚ್ಚಿದೆವು. ಫೋಮ್ ಐಸ್‌ಕ್ಯಾಂಡಿ ತರ ಕರಗಿಹೋಯ್ತು. ಒಂದು ವಾರದ ಕೆಲಸ ಎರಡು ನಿಮಿಷದಲ್ಲಿ ಗುಂಡಿ. ಕಾರಣ ಕೆಮಿಸ್ಟ್ರಿ ಪುಸ್ತಕದಲ್ಲೇ ಇತ್ತು: ದೋಣಿಗೆ ಬಳಸುವುದು ಪಾಲಿಯೆಸ್ಟರ್ ರೆಸಿನ್, ಅದರಲ್ಲಿ ಸ್ಟೈರೀನ್ ಇರುತ್ತೆ. ಫೋಮ್ ಪಾಲಿಸ್ಟೈರೀನ್. ಸ್ಟೈರೀನ್‌ನಲ್ಲಿ ಪಾಲಿಸ್ಟೈರೀನ್ ಕರಗದೆ ಇನ್ನೇನಾಗುತ್ತೆ? ಅದಕ್ಕೇ ಲಾಂಗ್-ಈಝಿಯವರು ಎಪಾಕ್ಸಿ ಬಳಸುವುದು.

ಎಪಾಕ್ಸಿ ತಂದ ಮೇಲೆ ಎರಡನೇ ತಪ್ಪು. ಪಾಲಿಯೆಸ್ಟರ್‌ಗೆ ಕ್ಯಾಟಲಿಸ್ಟ್ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತೆ. ಎಪಾಕ್ಸಿ ಹಾಗಲ್ಲ. ಅದರ ಹಾರ್ಡನರ್ ರೆಸಿನ್ ಜೊತೆ ಲೆಕ್ಕದ ಪ್ರಕಾರ ಕೂಡಿಕೊಳ್ಳಬೇಕು. ಹೆಚ್ಚು ಹಾಕಿದರೆ ಬೇಗ ಒಣಗಲ್ಲ, ಒಣಗುವುದೇ ಇಲ್ಲ, ಹಲಸಿನ ಮೇಣದ ಹಾಗೆ ಅಂಟು ಅಂಟಾಗಿ ಉಳಿಯುತ್ತೆ. ಕಣ್ಣಳತೆ ಬೇಡ, ಡಿಜಿಟಲ್ ತಕ್ಕಡಿ ಇಡಿ. ಮತ್ತೆ, ಒಂದೇ ಮಗ್‌ನಲ್ಲಿ ತುಂಬಾ ಕಲಸಿಡಬೇಡಿ. ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊಗೆ ಬಿಡುತ್ತೆ. ನಮ್ಮ ಪ್ಲಾಸ್ಟಿಕ್ ಮಗ್ ಕೆಳಗಿನಿಂದ ಕರಗಿ ನೆಲಕ್ಕೆ ಅಂಟಿಕೊಂಡಿದೆ, ಇವತ್ತಿಗೂ ಅಲ್ಲೇ ಇದೆ. ಕೈಗೆ ಗ್ಲೌಸ್ ಮರೆಯಬೇಡಿ, ಎಪಾಕ್ಸಿ ಅಲರ್ಜಿ ಒಮ್ಮೆ ಬಂದರೆ ಬಿಡುವುದು ಕಷ್ಟ.

ಪಾಠ 5: ಕರಾವಳಿ ಮಳೆಗಾಲಕ್ಕೆ ಮರ್ಯಾದೆ ಕೊಡಿ

ಜುಲೈನಲ್ಲಿ ಗಂಗೊಳ್ಳಿಯಲ್ಲಿ ಒಗೆದ ಬಟ್ಟೆಯೇ ಒಣಗಲ್ಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎಪಾಕ್ಸಿಯ ಮೇಲ್ಮೈಯಲ್ಲಿ ಮೇಣದಂಥ ಒಂದು ಪದರ ಬರುತ್ತೆ. ನೋಡಲು ಹೊಳಪು, ನಾವು ಫಿನಿಶಿಂಗ್ ಸೂಪರ್ ಅಂತ ಫೋಟೋ ಹೊಡೆದೆವು. ಅದರ ಮೇಲೆ ಹಾಕಿದ ಎರಡನೇ ಪದರ ಉಗುರಲ್ಲಿ ಎಬ್ಬಿಸಿದರೆ ಬರುತ್ತಿತ್ತು. ಪರಿಹಾರ ಸುಲಭ: ಮುಂದಿನ ಪದರ ಹಾಕುವ ಮೊದಲು ನೀರು ಮತ್ತು ಪಾತ್ರೆ ಉಜ್ಜುವ ಸ್ಕ್ರಬ್‌ನಿಂದ ತೊಳೆದು, ಒಣಗಿಸಿ, ಸ್ಯಾಂಡ್‌ಪೇಪರ್ ಹಾಕಿ. ಆದರೆ ಸ್ಯಾಂಡ್‌ಪೇಪರ್ ಮೊದಲು ಹಾಕಿದರೆ ಆ ಮೇಣವನ್ನು ಒಳಗೇ ತಿಕ್ಕಿದ ಹಾಗೆ.

ಪಾಠ 6: ತೂಕ ಯಾರ ಮಾತೂ ಕೇಳಲ್ಲ

ದೋಣಿಗೆ ರೆಸಿನ್ ಧಾರಾಳವಾಗಿ ಹಚ್ಚುತ್ತಾರೆ, ನೀರು ಹೊರುತ್ತೆ. ವಿಮಾನವನ್ನು ಗಾಳಿ ಹೊರಬೇಕು. ಗಾಜಿನ ಬಟ್ಟೆ ಎಷ್ಟು ತೂಕವೋ ರೆಸಿನ್ ಹೆಚ್ಚುಕಮ್ಮಿ ಅಷ್ಟೇ ಇರಲಿ, ಉಳಿದದ್ದನ್ನು ಒತ್ತಿ ತೆಗೆಯಿರಿ. ಬಲ ಇರುವುದು ನಾರಿನಲ್ಲಿ. ನಮ್ಮ ಮೊದಲ ಪ್ರಯತ್ನದಲ್ಲಿ ರೆಸಿನ್ ಬಟ್ಟೆಯ ಎರಡು ಪಟ್ಟು ಕುಡಿದಿತ್ತು. ಲಾಂಗ್-ಈಝಿ ಖಾಲಿ ಇದ್ದಾಗ ಸುಮಾರು 320 ಕೆಜಿ, ಇಂಧನ ಮತ್ತು ಇಬ್ಬರು ಕೂತರೆ ಗರಿಷ್ಠ 600 ಕೆಜಿ. ನೀವು ಹೆಚ್ಚು ಸುರಿದ ಒಂದೊಂದು ಕೆಜಿ ರೆಸಿನ್ ಕೂಡ ಇಂಧನದಿಂದಲೋ ಪಕ್ಕದ ಸೀಟಿನವರ ಊಟದಿಂದಲೋ ಕಳೆಯಬೇಕು.

ತೂಕ ಎಷ್ಟು ಅನ್ನುವಷ್ಟೇ ಎಲ್ಲಿ ಅನ್ನುವುದೂ ಮುಖ್ಯ. ಸಣ್ಣ ದೋಣಿಯಲ್ಲಿ ಎಲ್ಲರೂ ಹಿಂದೆ ಕೂತರೆ ಏನಾಗುತ್ತೆ ಅಂತ ಗಂಗೊಳ್ಳಿಯಲ್ಲಿ ಮಕ್ಕಳಿಗೂ ಗೊತ್ತು. ವಿಮಾನದಲ್ಲೂ ಹಾಗೇ. ಮೂಗು ಭಾರವಾದ ವಿಮಾನ ಸೋಮಾರಿ, ಬಾಲ ಭಾರವಾದದ್ದು ಹಠಮಾರಿ. ಸೋಮಾರಿಯನ್ನು ಹೇಗೋ ಸಂಭಾಳಿಸಬಹುದು, ಹಠಮಾರಿ ಒಮ್ಮೆ ಮೂಗೆತ್ತಿದರೆ ಇಳಿಸುವುದೇ ಇಲ್ಲ.

ಪಾಠ 7: ಹಳದಿ-ಕೆಂಪು ಬಣ್ಣದ ಆಸೆ

ನಮಗೆ ರೆಕ್ಕೆ ಪೂರ್ತಿ ಹಳದಿ-ಕೆಂಪು ಬಳಿಯುವ ಆಸೆ ಇತ್ತು. ಈ ಥರದ ವಿಮಾನಗಳು ಬೆಳ್ಳಗಿರುವುದು ಸ್ಟೈಲ್‌ಗಾಗಿ ಅಲ್ಲ. ಗಾಢ ಬಣ್ಣ ಬಿಸಿಲು ಹೀರಿ ಬಿಸಿಯಾದರೆ ಒಳಗಿನ ರೆಸಿನ್, ಫೋಮ್ ಎರಡೂ ಮೆತ್ತಗಾಗುತ್ತವೆ. ಕೊನೆಗೆ ತುದಿಯಲ್ಲಿ ಎರಡು ಬೆರಳಗಲದ ಪಟ್ಟಿ ಬಳಿದೆವು. ಕನ್ನಡಾಭಿಮಾನಕ್ಕೆ ಚದರಡಿ ಲೆಕ್ಕ ಬೇಡ.

ಪಾಠ 8: ಪುಟ್ಟಿಗೆ ಸುಳ್ಳು ಹೇಳಲು ಬರಲ್ಲ

ಈಗ ಮುರಿದ ಕಥೆ. ರೆಕ್ಕೆಯನ್ನು ಪರೀಕ್ಷಿಸುವುದು ತಲೆಕೆಳಗಾಗಿ ಕಟ್ಟಿ, ಮೇಲೆ ಮರಳಿನ ಚೀಲ ಇಟ್ಟು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತೆ. ತಲೆಕೆಳಗು ಮಾಡಿದರೆ ಮರಳು ಅದೇ ಕೆಲಸ ಮಾಡುತ್ತೆ. ನಮ್ಮ ತುಂಡು ನೇರ ಹಾರಾಟದಲ್ಲಿ 20 ಕೆಜಿ ಹೊರಬೇಕು ಅಂತ ಲೆಕ್ಕ. ಸಾಮಾನ್ಯ ಸಣ್ಣ ವಿಮಾನಕ್ಕೆ ಇರುವ ಮಿತಿ 3.8 ಪಟ್ಟು, ಅಂದರೆ 76 ಕೆಜಿ. ಅಷ್ಟಕ್ಕೆ ಏನೂ ಡ್ಯಾಮೇಜ್ ಆಗಬಾರದು. ಅದರ ಮೇಲೆ ಒಂದೂವರೆ ಪಟ್ಟು ಸುರಕ್ಷತೆ, 114 ಕೆಜಿ. ಅಷ್ಟಕ್ಕೂ ಮುರಿಯಬಾರದು. ಮೀನು ತೂಗುವ ತಕ್ಕಡಿಯಲ್ಲಿ ಹತ್ತು ಹತ್ತು ಕೆಜಿಯ 12 ಚೀಲ ತೂಗಿಟ್ಟುಕೊಂಡೆವು.

ಎಂಟು ಚೀಲ, ಅಂದರೆ 80 ಕೆಜಿ, ಆರಾಮಾಗಿ ಹೊತ್ತಿತು. ನಾವು ಕುಣಿದೆವು. ಒಂಬತ್ತಕ್ಕೆ ಸಣ್ಣ ಟಕ್ ಶಬ್ದ. ಹತ್ತನೇ ಚೀಲ ಇಟ್ಟ ಕೂಡಲೇ ಬುಡದ ಹತ್ತಿರ ಮುರಿಯಿತು.

ಮುರಿದ ಜಾಗ ನೋಡಿದಾಗ ಯಾರೂ ಮಾತಾಡಲಿಲ್ಲ. ಯಾಕೆಂದರೆ ಅಲ್ಲಿ ಏನಿತ್ತು ಅಂತ ಒಬ್ಬರಿಗೆ ಗೊತ್ತಿತ್ತು. ಬಟ್ಟೆಯ ಕೆಳಗೆ ಅಂಗೈ ಅಗಲದ ಗಾಳಿಗುಳ್ಳೆ ಉಳಿದಿತ್ತು. ಕತ್ತರಿಸಿ ಮತ್ತೆ ಪದರ ಹಾಕಿದರೆ ಎರಡು ದಿನ ಹೋಗುತ್ತೆ ಅಂತ ಪುಟ್ಟಿ ಮೆತ್ತಿ, ಉಜ್ಜಿ, ಬಿಳಿ ಬಣ್ಣ ಹೊಡೆದು ಸುಮ್ಮನಾಗಿದ್ದೆವು. (ಯಾರು ಅಂತ ಹೇಳಲ್ಲ. ಇದನ್ನು ಟೈಪ್ ಮಾಡುತ್ತಿರುವ ಕೈಯೇ ಇರಬಹುದು.) ಮಾವ ಬಂದು ಬಗ್ಗಿ ನೋಡಿ, "ಕಣ್ಣಿಗ್ ಮುಚ್ಚುಕೆ ಪುಟ್ಟಿ ಸಾಕ್ ಮಕ್ಳೆ. ಕಡಲಿಗ್ ಗೊತ್ತಾತ್ತ್" ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಎಂಟು ಚೀಲದವರೆಗಿನ ವೀಡಿಯೊ ಚೆನ್ನಾಗಿ ಬಂದಿತ್ತು. ಅಷ್ಟಕ್ಕೇ ಕಟ್ ಮಾಡಿ ಟೆಕ್ ಫೆಸ್ಟ್‌ನಲ್ಲಿ ಹಾಕೋಣ, ಪಾಸಾಗಿದೆಯಲ್ಲ ಅಂತ ನಮ್ಮಲ್ಲೇ ಮಾತು ಬಂತು. ಒಂದು ರಾತ್ರಿ ಪೂರ್ತಿ ಜಗಳ. ಆಗ ಒಬ್ಬಳು ನೆನಪಿಸಿದ್ದು ಜಾನ್ ಡೆನ್ವರ್ ಕಥೆ.

ಪಾಠ 9: ಕಟ್ಟುವವರು ಒಬ್ಬರು, ಕೂರುವವರು ಇನ್ನೊಬ್ಬರು

ಹಾಸ್ಟೆಲ್‌ನಲ್ಲಿ ಗಿಟಾರ್ ಹಿಡಿದವರೆಲ್ಲ ನುಡಿಸುವ 'ಕಂಟ್ರಿ ರೋಡ್ಸ್' ಹಾಡಿನ ಜಾನ್ ಡೆನ್ವರ್ ಸತ್ತಿದ್ದು ಒಂದು ಲಾಂಗ್-ಈಝಿಯಲ್ಲಿ, 1997ರ ಅಕ್ಟೋಬರ್ 12ರಂದು, ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿದ್ದು. ಅದನ್ನು ಕಟ್ಟಿದವರು ಅವರಲ್ಲ, ಅವರು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಒಂದು ಟ್ಯಾಂಕ್‌ನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿಕೆ ಪ್ಲಾನ್ ಪ್ರಕಾರ ಪೈಲಟ್‌ನ ಎರಡು ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಇಂಧನದ ಪೈಪ್ ಕಾಕ್‌ಪಿಟ್ ಒಳಗೆ ಬೇಡ ಅಂತ ಅದನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅದನ್ನು ತಿರುಗಿಸಲು ಪೈಲಟ್ ಹಿಂದಕ್ಕೆ ಹೊರಳಬೇಕು, ಹೊರಳುವಾಗ ಬಲಗಾಲು ರಡರ್ ಪೆಡಲ್ ಒತ್ತುತ್ತೆ. ಹೀಗೇ ವಿಮಾನ ಹಿಡಿತ ತಪ್ಪಿರಬೇಕು ಅಂತ ತನಿಖೆಯವರು ಬರೆದರು. ಇಂಧನವೂ ಕಡಿಮೆ ಇತ್ತು, ಆ ವಿಮಾನ ಅವರಿಗೆ ಹೊಸದು.

ಹಿಡಿಕೆ ಎಲ್ಲಿದೆ ಅನ್ನುವುದು ಡ್ರಾಯಿಂಗ್‌ನಲ್ಲಿ ಒಂದು ಸಣ್ಣ ಗೆರೆ. ನಮ್ಮ ಗಾಳಿಗುಳ್ಳೆ ಅಂಗೈ ಅಗಲ. ಮಾವ ಮೊದಲ ದಿನ ಕೇಳಿದ ಪ್ರಶ್ನೆ ಜೋಕ್ ಅಲ್ಲ ಅಂತ ಆ ರಾತ್ರಿ ಅರ್ಥವಾಯ್ತು. ಅವರು ಮುಚ್ಚುವ ಪ್ರತಿ ತೂತಿನ ಮೇಲೆ ಬೇರೆ ಯಾರೋ ಕಡಲಿಗೆ ಹೋಗುತ್ತಾರೆ.

ವೀಡಿಯೊ ಪೂರ್ತಿ ಹಾಕಿದೆವು, ಹತ್ತನೇ ಚೀಲದ ಸಮೇತ. ಮುರಿದ ರೆಕ್ಕೆಯೂ ಸ್ಟಾಲ್‌ನಲ್ಲಿತ್ತು, "ಇಲ್ಲಿ ಪುಟ್ಟಿ ಹಚ್ಚಿದ್ದೆವು" ಅಂತ ಚೀಟಿ ಅಂಟಿಸಿಕೊಂಡು. ಬಹುಮಾನ ಬರಲಿಲ್ಲ. ಆದರೆ ಫೈನಲ್ ಇಯರ್‌ನವರು ಒಬ್ಬರು ಅದನ್ನೇ ಹತ್ತು ನಿಮಿಷ ನೋಡುತ್ತಾ ನಿಂತಿದ್ದರು.

ನೀವು ಶುರು ಮಾಡುವುದಾದರೆ

ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಯಾವ ರೆಸಿನ್, ಎಷ್ಟು ಗ್ರಾಂ, ತೇವ ಎಷ್ಟು, ಯಾರು ಮಾಡಿದ್ದು, ಏನು ತಪ್ಪಾಯ್ತು ಎಲ್ಲ ಬರೆಯಿರಿ. ಬಣ್ಣ ಹೊಡೆಯುವ ಮೊದಲು ನಿಮ್ಮ ಗುಂಪಿನವರಲ್ಲದ ಒಬ್ಬರಿಗೆ ತೋರಿಸಿ. ನಾಣ್ಯದಿಂದ ತಟ್ಟುತ್ತಾ ಹೋಗಿ, ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಗುಳ್ಳೆ ಇದೆ. ಒಂದು ತುಂಡು ಕಟ್ಟಿ ಮುರಿಯಿರಿ, ಆಮೇಲೆ ಮಾಡೆಲ್ ವಿಮಾನ ಮಾಡಿ. ಅದನ್ನು ಹಾರಿಸುವ ಮೊದಲು 2021ರ ಡ್ರೋನ್ ನಿಯಮ ಓದಿಕೊಳ್ಳಿ. ಮನುಷ್ಯ ಕೂರುವ ವಿಮಾನಕ್ಕೆ ಡಿಜಿಸಿಎ ಅನುಮತಿ ಬೇಕೇ ಬೇಕು, ಪ್ರಿನ್ಸಿಪಾಲರ ಸಹಿ ಸಾಲದು.

ಈ ಮಳೆಗಾಲಕ್ಕೆ ಎರಡನೇ ರೆಕ್ಕೆ ಕಟ್ಟುತ್ತಿದ್ದೇವೆ. ಗುರಿ 12 ಚೀಲ. ತಂತಿ ಹಿಡಿಯಲು ಜನ ಬೇಕು. ಅನುಭವ ಬೇಡ, ಬ್ರಾಂಚ್ ಯಾವುದಾದರೂ ಪರವಾಗಿಲ್ಲ. ನಲವತ್ತರವರೆಗೆ ಕನ್ನಡದಲ್ಲಿ ಎಣಿಸಲು ಬಂದರೆ ಸಾಕು.