ಠಾಣೆಯಲ್ಲಿ ಖಾಕಿ ಇಲ್ಲದ ಕೆಲಸ: ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿ ಏನಿದೆ?



ನಮ್ಮ ನಂಜನಗೂಡು, ತಿ. ನರಸೀಪುರ ಕಡೆಯ ಹಳ್ಳಿಗಳಲ್ಲಿ “ಅವಳು ಸ್ಟೇಷನ್ ಮೆಟ್ಟಿಲು ಹತ್ತಿದೋಳು” ಅಂದರೆ ಅದು ಬೈಗುಳ. ಗಂಡ ಹೊಡೆದರೂ, ಮನೆ ಮುಂದೆ ಕುಡುಕರ ಕಾಟ ಇದ್ದರೂ, ಕೆಲಸಕ್ಕೆ ಹೋದ ಹುಡುಗಿ ಕತ್ತಲಾದರೂ ಬಾರದಿದ್ದರೂ ನಾವು ಮೊದಲು ಹೋಗೋದು ಊರ ಯಜಮಾನರ ಹತ್ತಿರ. ಆಮೇಲೆ ಪರಿಚಯದ ಪಂಚಾಯ್ತಿ ಮೆಂಬರ್ ಹತ್ತಿರ. ಎಲ್ಲ ಕೈಮೀರಿದ ಮೇಲೆ ಪೊಲೀಸ್ ಠಾಣೆಗೆ. ಅಷ್ಟು ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ, ಗಾಯ ಮಾಸಿರುತ್ತದೆ, ನೋಡಿದವರು ಮಾತು ಬದಲಿಸಿರುತ್ತಾರೆ.

ಅದೇ ಸಂಘದ ಸಭೆಗಳಲ್ಲಿ ತಾಯಂದಿರು ಕೇಳುವ ಇನ್ನೊಂದು ಪ್ರಶ್ನೆ ಇದೆ. “ಸಿಸ್ಟರ್, ಮಗಳಿಗೆ ಪೊಲೀಸ್ ಕೆಲಸದ ಮೇಲೆ ಆಸೆ. ಎತ್ತರ ಸಾಲದು ಅಂದ್ರು. ಬೇರೆ ದಾರಿ ಇಲ್ವಾ?” ಠಾಣೆಗೆ ಹೋಗಲು ಹೆದರುವ ಹೆಂಗಸು ಒಬ್ಬಳು, ಠಾಣೆಯಲ್ಲಿ ಕೆಲಸ ಮಾಡಲು ಆಸೆಪಡುವ ಹುಡುಗಿ ಒಬ್ಬಳು. ಇವರಿಬ್ಬರನ್ನೂ ಜೊತೆಗಿಟ್ಟು ಈ ಸಲ ಸ್ವಲ್ಪ ಮಾಹಿತಿ ಕೊಡುತ್ತೇನೆ.

ಪೊಲೀಸ್ ಕೆಲಸ ಅಂದರೆ ಕಳ್ಳರನ್ನು ಹಿಡಿಯೋದು ಮಾತ್ರ ಅಂತ ನಾವು ತಿಳಿದಿದ್ದೇವೆ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಠಾಣೆಯ ಬೆಂಚಿನ ಮೇಲೆ ಕೂತು ನೋಡಿ. ಗಂಡ ಹೆಂಡಿರ ಜಗಳ, ಮನೆ ಬಿಟ್ಟು ಹೋದ ಮಗ, ಜಮೀನು ಬರೆಸಿಕೊಂಡು ತಾಯಿಯನ್ನು ಹೊರಗೆ ಹಾಕಿದವರು, ಬದುವಿನ ತಕರಾರು, ಕಳೆದುಹೋದ ಮೊಬೈಲು, ಇಂಥವೇ ಹೆಚ್ಚು. ಇದಕ್ಕೆ ಲಾಠಿ ಬೇಕಾಗಿಲ್ಲ. ಕೂರಿಸಿ ಕೇಳುವ ಕಿವಿ, ಸರಿಯಾಗಿ ಬರೆದುಕೊಳ್ಳುವ ಕೈ, ಮುಂದೆ ಯಾವ ಕಚೇರಿಗೆ ಹೋಗಬೇಕು ಅಂತ ಹೇಳುವ ತಿಳುವಳಿಕೆ ಬೇಕು. ಅಮೆರಿಕದ ಎಷ್ಟೋ ಊರುಗಳಲ್ಲಿ ಇದಕ್ಕಾಗಿಯೇ ಪೊಲೀಸರಲ್ಲದ ಸಿಬ್ಬಂದಿ ಇದ್ದಾರೆ. ಸಮುದಾಯ ಸೇವಾ ಅಧಿಕಾರಿ ಅಂತ ಅವರ ಹೆಸರು. ಅವರ ಹತ್ತಿರ ಬಂದೂಕು ಇರುವುದಿಲ್ಲ. ದೂರು ಬರೆದುಕೊಳ್ಳುವುದು, ಶಾಲೆ ಬೀದಿಗಳಲ್ಲಿ ಓಡಾಡಿ ಜನರ ತೊಂದರೆ ಕೇಳುವುದು ಅವರ ಕೆಲಸ. ಇಂಗ್ಲೆಂಡಿನಲ್ಲಿ 2002ರ ಪೊಲೀಸ್ ಸುಧಾರಣಾ ಕಾಯ್ದೆಯ ಮೂಲಕ ಇದೇ ರೀತಿಯ ಹುದ್ದೆ ಬಂತು.

ನಮ್ಮಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಆದರೆ ಆ ಕೆಲಸ ಇದೆ, ತುಂಡು ತುಂಡಾಗಿ ಬೇರೆ ಬೇರೆ ಕಾನೂನುಗಳಲ್ಲಿ ಹಂಚಿಹೋಗಿದೆ. ಅದಕ್ಕೇ ನಮ್ಮ ಜನಕ್ಕೆ ಕಾಣಿಸುವುದಿಲ್ಲ.

ಹಳೆಯ ಕಾಲದಲ್ಲಿ ಊರ ಕಾವಲಿಗೆ ತಳವಾರ, ತೋಟಿ ಇರುತ್ತಿದ್ದರು. ಆ ವಂಶಪಾರಂಪರ್ಯ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಜಾತಿಗೆ ಕಟ್ಟಿಹಾಕಿದ ಕೆಲಸ ಅದು, ಹೋಗಿದ್ದೇ ಒಳ್ಳೆಯದಾಯಿತು. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ಆದರೆ ಊರ ಕಾವಲು ಅಂದರೆ ರಾತ್ರಿ ಗಸ್ತು, ಗಂಡಸರ ಕೆಲಸ ಅಂತಲೇ ಜನ ತಿಳಿದರು. ಹೆಂಗಸಿನ ಕಷ್ಟ ಆ ಲೆಕ್ಕದಲ್ಲಿ ಇರಲಿಲ್ಲ.

ಹೆಂಗಸಿನ ಕಷ್ಟವನ್ನು ಲೆಕ್ಕಕ್ಕೆ ತಂದದ್ದು ಮುಂಬಯಿ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಅಲ್ಲಿನ ಪೊಲೀಸ್ ಕಮಿಷನರ್ ಕಚೇರಿಯ ಒಳಗೇ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕ ತೆರೆದರು. ಕೂತವರು ಪೊಲೀಸರಲ್ಲ, ಸಮಾಜ ಕಾರ್ಯಕರ್ತೆಯರು. ಹೊಡೆತ ತಿಂದು ಬಂದ ಹೆಂಗಸು ಮೊದಲು ಇವರ ಮುಂದೆ ಕೂತು ಮಾತಾಡಬಹುದು. ಅವಳಿಗೆ ಏನು ಬೇಕು, ಮನೆಗೆ ವಾಪಸ್ ಹೋಗಬೇಕಾ, ಕೇಸು ಹಾಕಬೇಕಾ, ಮಕ್ಕಳನ್ನು ಬಿಡಿಸಿಕೊಳ್ಳಬೇಕಾ, ಒಡವೆ ವಾಪಸ್ ಬೇಕಾ, ಅದನ್ನು ಅವಳ ಬಾಯಿಂದಲೇ ಕೇಳಿ ಮುಂದಿನ ದಾರಿ ಮಾಡುವುದು ಇವರ ಕೆಲಸ. ಹೊರಗಿನ ಸಂಸ್ಥೆಯವರು ಹೋಗಿ ಕೇಳಿಕೊಳ್ಳುವುದು ಬೇರೆ, ಅದೇ ಕಟ್ಟಡದಲ್ಲಿ ನಮ್ಮದೂ ಒಂದು ಮೇಜು ಇರುವುದು ಬೇರೆ. ಮೇಜು ಇದ್ದರೆ ಪಕ್ಕದ ಕೋಣೆಯ ಇನ್ಸ್‌ಪೆಕ್ಟರ್ ಜೊತೆ ನೇರವಾಗಿ ಮಾತಾಡಬಹುದು. ಈ ಘಟಕಗಳು ಆಮೇಲೆ ಮಹಾರಾಷ್ಟ್ರದ ಇತರ ಜಿಲ್ಲೆಗಳಿಗೂ ಹರಡಿದವು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯಲ್ಲಿ 1999ರಲ್ಲಿ ಶುರುವಾದ ವನಿತಾ ಸಹಾಯವಾಣಿ ಇದೇ ದಾರಿಯದು.

ಅದು ಬೆಂಗಳೂರಾಯಿತು, ನಮ್ಮ ತಾಲ್ಲೂಕಿನ ಹುಡುಗಿಗೆ ಏನು ಅಂತ ಕೇಳುತ್ತೀರಿ.

ಮೊದಲನೆಯದು ಗೃಹರಕ್ಷಕ ದಳ, ಜನ ಹೋಮ್‌ಗಾರ್ಡ್ ಅನ್ನುತ್ತಾರೆ. 1946ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿದ ಸ್ವಯಂಸೇವಕ ಪಡೆ ಇದು. ನಮ್ಮ ರಾಜ್ಯದ ಕಾಯ್ದೆ 1962ರದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವಾಗ ಆ ಜನಜಂಗುಳಿಯನ್ನು ನೆನಪಿಸಿಕೊಳ್ಳಿ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ನಡೆದು ಬಂದಿರುವ, 2025ರ ಫೆಬ್ರವರಿಯಲ್ಲೂ ನಡೆದ ಕುಂಭಮೇಳ ನೆನಪಿಸಿಕೊಳ್ಳಿ. ಹೆಂಗಸರು ಸ್ನಾನ ಮಾಡುವ ಕಡೆ ನಿಲ್ಲಲು, ಕೈ ತಪ್ಪಿದ ಮಗುವನ್ನು ಎತ್ತಿಕೊಂಡು ತಾಯಿಯನ್ನು ಹುಡುಕಲು, ಸಾಲಿನಲ್ಲಿ ತಲೆಸುತ್ತಿ ಬಿದ್ದ ಅಜ್ಜಿಯನ್ನು ಕೂರಿಸಲು ಹೆಣ್ಣುಮಕ್ಕಳೇ ಬೇಕು. ಇಂಥ ಕಡೆಗಳಿಗೆ, ಚುನಾವಣೆಗೆ, ಪ್ರವಾಹ ಬಂದಾಗ, ಠಾಣೆಯ ದಿನನಿತ್ಯದ ಸಹಾಯಕ್ಕೆ ಗೃಹರಕ್ಷಕರನ್ನು ಕರೆಸುತ್ತಾರೆ. ಕರ್ತವ್ಯಕ್ಕೆ ಕರೆಸಿಕೊಂಡಾಗ ಮಾತ್ರ ಪೊಲೀಸರಿಗಿರುವ ಅಧಿಕಾರ ಮತ್ತು ರಕ್ಷಣೆ ಅವರಿಗೂ ಸಿಗುತ್ತದೆ. ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಓದಿರಬೇಕು, ತರಬೇತಿ ಅವರೇ ಕೊಡುತ್ತಾರೆ. ಭರ್ತಿ ಪ್ರಕಟಣೆ ಬಂದಾಗ ವಯಸ್ಸು, ಎತ್ತರ ಇತ್ಯಾದಿ ಅದರಲ್ಲೇ ನೋಡಿಕೊಳ್ಳಬೇಕು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇದು ಸರ್ಕಾರಿ ನೌಕರಿ ಅಲ್ಲ. ಡ್ಯೂಟಿ ಮಾಡಿದ ದಿನಕ್ಕೆ ಮಾತ್ರ ಭತ್ಯೆ. ಡ್ಯೂಟಿ ಇಲ್ಲದ ತಿಂಗಳು ಕೈ ಖಾಲಿ. ಪಿಂಚಣಿ ಇಲ್ಲ. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, 30 ದಿನ ದುಡಿದರೆ ಸಿಗುವ ಭತ್ಯೆ ಒಬ್ಬ ಪೊಲೀಸ್ ಸಿಬ್ಬಂದಿಯ ಕನಿಷ್ಠ ಮೂಲ ವೇತನಕ್ಕೆ ಸಮ ಇರಬೇಕು ಅಂತ ಹೇಳಿತು. ಆದರೂ ದಿನಗಳು ಸಿಕ್ಕರೆ ತಾನೆ ಹಣ. ಹಾಗಾಗಿ ಹಸು, ಟೈಲರಿಂಗು, ಅಂಗಡಿ, ಏನಾದರೂ ಒಂದು ಬೇರೆ ಆದಾಯ ಇಟ್ಟುಕೊಂಡು ಇದಕ್ಕೆ ಹೋಗುವುದು ಜಾಣತನ ಅಂತ ನನ್ನ ಅಭಿಪ್ರಾಯ. “ಪರ್ಮನೆಂಟ್ ಮಾಡಿಸ್ತೀನಿ” ಅಂತ ಹಣ ಕೇಳುವವನು ಬಂದರೆ ದಯವಿಟ್ಟು ಸಂಘದ ಸಾಲ ತೆಗೆದು ಅವನ ಕೈಗೆ ಕೊಡಬೇಡಿ.

ಎರಡನೆಯದು ಓದಿದ ಹೆಣ್ಣುಮಕ್ಕಳಿಗೆ. 2015ರ ಬಾಲನ್ಯಾಯ ಕಾಯ್ದೆಯ 107ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಮಕ್ಕಳಿಗಾಗಿ ವಿಶೇಷ ಪೊಲೀಸ್ ಘಟಕ ಇರಬೇಕು. ಅದರಲ್ಲಿ ಪೊಲೀಸರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಇರಬೇಕು, ಇಬ್ಬರಲ್ಲಿ ಒಬ್ಬರು ಮಹಿಳೆಯೇ ಆಗಿರಬೇಕು. ಗಮನಿಸಿ, ಇದು ದಯೆಯಿಂದ ಕೊಟ್ಟ ಜಾಗ ಅಲ್ಲ, ಕಾನೂನಿನಲ್ಲೇ ಬರೆದಿರುವ ಜಾಗ. ಇನ್ನೊಂದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ, ಅಂದರೆ ಪೋಕ್ಸೊ ಕೇಸುಗಳಲ್ಲಿ, ಮಗುವಿನ ಜೊತೆ ಇರಲು ಬೆಂಬಲ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡಬಹುದು. ಇದಕ್ಕೆ ಸಮಾಜ ಕಾರ್ಯ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಇಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ, ಅಥವಾ ಯಾವುದೇ ಪದವಿಯ ಜೊತೆ ಮಕ್ಕಳ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ ಕೇಳುತ್ತಾರೆ. ಠಾಣೆ, ಆಸ್ಪತ್ರೆ, ಕೋರ್ಟು, ಎಲ್ಲ ಕಡೆ ಆ ಮಗುವಿನ ಪಕ್ಕ ನಿಲ್ಲುವುದು ಇವರೇ. ಮಾನಸಗಂಗೋತ್ರಿಯಲ್ಲಿ ಸಮಾಜ ಕಾರ್ಯ ವಿಭಾಗ ಇದೆ, ನಮ್ಮ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ. ಡಿಗ್ರಿ ಮಾಡಿ ಮನೆಯಲ್ಲಿ ಕೂತಿರುವ ಮಗಳಿಗೆ ಹೇಳಿ. ಹೆಸರು ನೋಂದಾಯಿಸುವ ಬಗ್ಗೆ ಮೈಸೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬಹುದು.

ಓದು ಇಲ್ಲದವರು ಏನು ಮಾಡೋದು? ನಿಜ ಹೇಳಬೇಕೆಂದರೆ ಹಳ್ಳಿಯಲ್ಲಿ ಹೆಚ್ಚು ಕೆಲಸ ಆಗುವುದು ಇವರಿಂದಲೇ. 2017ರಲ್ಲಿ ರಾಜ್ಯದ ಬೀಟ್ ವ್ಯವಸ್ಥೆಯನ್ನು ಬದಲಿಸಿ ಒಂದೊಂದು ಬೀಟಿಗೆ ಒಬ್ಬ ಸಿಬ್ಬಂದಿ, ಜೊತೆಗೆ ಊರಿನ ನಾಗರಿಕರ ಸಮಿತಿ ಅಂತ ಮಾಡಿದರು. 2025ರ ಜುಲೈನಲ್ಲಿ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮ ಶುರುವಾಯಿತು. ಬೀಟ್ ಪೊಲೀಸರು ಮನೆಗೆ ಬಂದಾಗ ಬಾಗಿಲ ಸಂದಿಯಿಂದ ನೋಡಿ “ಯಜಮಾನರು ಇಲ್ಲ” ಅಂತ ಕಳಿಸಬೇಡಿ. ಸಮಿತಿಯಲ್ಲಿ ಬರೀ ಅಂಗಡಿಯವರು, ಮುಖಂಡರು ಇದ್ದರೆ ನಮ್ಮ ಸಂಘದಿಂದ ಇಬ್ಬರ ಹೆಸರು ಬರೆಸಿ.

ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಂ ನಮಗೆ ತುಂಬ ಮುಖ್ಯ. ಪಕ್ಕದ ಮನೆಯಲ್ಲಿ ಹೊಡೆತ ನಡೆಯುತ್ತಿದೆ ಅಂತ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಕೇಸು ಹಾಕಲು ಬರುವುದಿಲ್ಲ. ತಾಲ್ಲೂಕಿನಲ್ಲಿ ಸಂರಕ್ಷಣಾಧಿಕಾರಿ ಅಂದರೆ ನಿಮಗೆ ಪರಿಚಯವೇ ಇರುವ ಸಿಡಿಪಿಒ, ಅಂಗನವಾಡಿ ಇಲಾಖೆಯವರು. ಠಾಣೆಗೆ ಹೋಗಲು ಹೆದರುವ ಹೆಂಗಸು ಮೊದಲು ಅಲ್ಲಿಗೆ ಹೋಗಬಹುದು.

ಠಾಣೆಗೇ ಹೋಗಬೇಕಾಗಿ ಬಂದಾಗ ಅವಳೊಬ್ಬಳನ್ನೇ ಕಳಿಸಬೇಡಿ. ಸಂಘದಿಂದ ಇಬ್ಬರು ಹೋಗಿ. ಹತ್ತು ಜನ ಗುಂಪಾಗಿ ಹೋದರೆ ಅವಳ ಮಾತು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹೋಗುವ ಮೊದಲೇ ಒಂದು ಹಾಳೆಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು, ಯಾರು ನೋಡಿದರು ಅಂತ ಅವಳ ಮಾತಿನಲ್ಲೇ ಬರೆಯಿರಿ. ನಮ್ಮ ಮಾತು ಸೇರಿಸಬೇಡಿ, ಎರಡು ಏಟನ್ನು ಇಪ್ಪತ್ತು ಮಾಡಬೇಡಿ, ಕೋರ್ಟಿನಲ್ಲಿ ಅದೇ ಅವಳಿಗೆ ತೊಂದರೆ. ದೂರು ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಆದರೆ ಅದರ ನಕಲು ಪುಕ್ಕಟೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ “ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ, ಬನ್ನೂರಿಗೆ ಹೋಗಿ, ಹುಲ್ಲಹಳ್ಳಿಗೆ ಹೋಗಿ” ಅಂತ ವಾಪಸ್ ಕಳಿಸುವ ಹಾಗಿಲ್ಲ. ಬರೆದುಕೊಂಡು ಅವರೇ ವರ್ಗಾಯಿಸಬೇಕು. ತೆಗೆದುಕೊಳ್ಳದಿದ್ದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಸಾಕ್ಷಿ ಹೇಳಿಕೆಗಾಗಿ ಹೆಂಗಸನ್ನು ಠಾಣೆಗೆ ಬಾ ಅಂತ ಬಲವಂತ ಮಾಡುವ ಹಾಗಿಲ್ಲ, ಮನೆಗೇ ಬಂದು ಕೇಳಬೇಕು. ಪೋಕ್ಸೊ ಕೇಸಿನಲ್ಲಿ ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಅಂತಲೂ ಕಾನೂನಿದೆ.

ಇಷ್ಟೆಲ್ಲ ಆದ ಮೇಲೆ ಒಂದು ಎಚ್ಚರಿಕೆ. ನಮ್ಮಂಥವರು ಠಾಣೆಯಲ್ಲಿ ನಾಲ್ಕು ಸಲ ಕಾಣಿಸಿಕೊಂಡರೆ ಐದನೇ ಸಲ ಕುರ್ಚಿ ಹಾಕಿ, “ಮೇಡಂ, ನೀವೇ ಮಾತಾಡಿ ಒಪ್ಪಿಸಿಬಿಡಿ” ಅನ್ನುತ್ತಾರೆ. ಆ ಕುರ್ಚಿ ಬಹಳ ಅಪಾಯ. ಅವಳ ಪರವಾಗಿ ಹೋದವಳು ಅವಳ ಮೇಲೆ ರಾಜಿ ಹೇರುವವಳಾಗುತ್ತಾಳೆ. ಗಂಭೀರ ಅಪರಾಧ ನಡೆದಿದೆ ಅಂತ ದೂರಿನಲ್ಲೇ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಗಂಡ ಹೆಂಡಿರ ವಿಷಯದಲ್ಲಿ ಮೊದಲು ವಿಚಾರಣೆ ಮಾಡಬಹುದು ಅಂತ ಅದರಲ್ಲೇ ಸ್ವಲ್ಪ ಜಾಗ ಬಿಟ್ಟಿದ್ದಾರೆ, ಆ ಜಾಗದಲ್ಲೇ ಎಷ್ಟೋ ದೂರು ಸತ್ತುಹೋಗುತ್ತದೆ. ಆಪ್ತಸಮಾಲೋಚನೆ ಬೇಡ ಅಂತ ನಾನು ಹೇಳುವುದಿಲ್ಲ, ಅದೇ ನನ್ನ ಕೆಲಸ. ಅವಳು ಕೇಳಿದರೆ ಮಾಡಬೇಕು, ಅವಳನ್ನು ಸುಮ್ಮನಿರಿಸಲು ಮಾಡಬಾರದು. ಮಕ್ಕಳ ಮೇಲಿನ ದೌರ್ಜನ್ಯದಲ್ಲಂತೂ ರಾಜಿ ಮಾತೇ ಇಲ್ಲ. ಪೋಕ್ಸೊ ಕಾಯ್ದೆಯಲ್ಲಿ ಗೊತ್ತಿದ್ದೂ ತಿಳಿಸದೆ ಮುಚ್ಚಿಡುವುದೇ ಅಪರಾಧ. ಆ ಮಗುವಿನ ಹೆಸರು, ಊರು ಸಂಘದ ಸಭೆಯಲ್ಲೂ ಬಾಯಿ ಬಿಡಬಾರದು, ನಡಾವಳಿ ಪುಸ್ತಕದಲ್ಲೂ ಬರೆಯಬಾರದು.

ಬಾಲ್ಯವಿವಾಹದ ಸುದ್ದಿ ಬಂದರೆ ಚಪ್ಪರ ಹಾಕುವ ತನಕ ಕಾಯಬೇಡಿ, 1098ಕ್ಕೆ ಹೇಳಿ. ಹೇಳಿದವರು ಯಾರು ಅಂತ ಊರಲ್ಲಿ ಗೊತ್ತಾಗದ ಹಾಗೆ ನೋಡಿಕೊಳ್ಳಿ, ನೀವೂ ಅದೇ ಊರಲ್ಲಿ ಬಾಳಬೇಕು. ತುರ್ತು ಇದ್ದರೆ 112, ಹೆಂಗಸರ ಸಹಾಯಕ್ಕೆ 181.

ಮುಂದಿನ ವಾರದ ಸಭೆಗೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಊರಿನ ಬೀಟ್ ಪೊಲೀಸರು ಯಾರು ಅಂತ ಠಾಣೆಯಲ್ಲಿ ಕೇಳಿ ಹೆಸರು, ಫೋನ್ ನಂಬರ್ ತನ್ನಿ. ಸಿಡಿಪಿಒ ಕಚೇರಿಯ ನಂಬರೂ ತನ್ನಿ. ಎರಡನ್ನೂ ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಪೊಲೀಸರಿಗೆ ವರ್ಗಾವಣೆ ಆಗುತ್ತಿರುತ್ತದೆ, ಆದ್ದರಿಂದ ಪೆನ್ಸಿಲ್‌ನಲ್ಲಿ ಬರೆದು ಮೂರು ತಿಂಗಳಿಗೊಮ್ಮೆ ಸರಿ ಇದೆಯಾ ಅಂತ ನೋಡಿ.