ಸೀರೆ ಅಂಚಿನ ಉತ್ತರಾಣಿ

ಅಕ್ಕಾ, ತೋಟದ ಕೆಲಸ ಮುಗಿಸಿ ಮನೆಗೆ ಬಂದಿರಿ. ಸೀರೆಯ ಅಂಚು ನೋಡಿಕೊಳ್ಳಿ. ಉತ್ತರಾಣಿ ಬೀಜ ಅಂಟಿರುತ್ತದೆ. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಆದರೂ ಬೇಲಿ ಬದಿಯಿಂದ ನಿಮ್ಮ ಅಂಗಳಕ್ಕೆ ಬಂತು. ಹೇಗೆ? ನಿಮ್ಮ ಸೀರೆಯನ್ನೇ ಹಿಡಿದುಕೊಂಡು ಬಂತು.

ಹೀಗೇ ನಮ್ಮ ಮೈಯೊಳಗೆ ಸಾಗುವ ಒಂದು ವೈರಸ್ ಇದೆ. ಅದರ ಹೆಸರು ಎಚ್‌ಪಿವಿ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಯಾವಾಗಲೂ ಇದೇ ಕಾರಣ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಎಂಬ ವಿಜ್ಞಾನಿ 1983ರಲ್ಲಿ ಇದನ್ನು ಕ್ಯಾನ್ಸರ್ ಗಡ್ಡೆಯೊಳಗೆ ಕಂಡುಹಿಡಿದರು. ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ಕಡೆ ಇನ್ನೂ ಕೆಲವರು ಈ ಕಾಯಿಲೆಗೆ ಶಾಪ ಅಂತಾರೆ, ನಡತೆ ಸರಿಯಿಲ್ಲ ಅಂತಾರೆ.

ನಮ್ಮ ಮೈ ಜೀವಕೋಶಗಳಿಂದ ಆಗಿದೆ. ಗೋಡೆಗೆ ಇಟ್ಟಿಗೆ ಇದ್ದ ಹಾಗೆ. ಹಳೆಯ ಕೋಶ ಸವೆಯುತ್ತದೆ. ಆಗ ಇನ್ನೊಂದು ಕೋಶ ಒಡೆದು ಎರಡಾಗುತ್ತದೆ. ಕೋಶದ ನಡುವೆ ಒಂದು ಒಳಕೋಣೆ ಇದೆ. ಅದರಲ್ಲಿ 46 ಎಳೆಗಳು. ಇವಕ್ಕೆ ವರ್ಣತಂತು ಎಂದು ಹೆಸರು. ಮೈ ಹೇಗೆ ನಡೆಯಬೇಕು ಎಂಬ ಬರಹ ಈ ಎಳೆಗಳಲ್ಲಿದೆ. ಅದರಲ್ಲಿ 300 ಕೋಟಿಗೂ ಹೆಚ್ಚು ಅಕ್ಷರ!

ವೈರಸ್ಸಿಗೂ ಒಂದು ಬರಹ ಇದೆ. ಬಳೆಯ ಹಾಗೆ ದುಂಡಗಿದೆ. ಅದರಲ್ಲಿ ಸುಮಾರು 8 ಸಾವಿರ ಅಕ್ಷರ ಮಾತ್ರ. ಇಷ್ಟರಲ್ಲಿ ಅದು ಸ್ವಂತ ಸಂಸಾರ ನಡೆಸೋಕೆ ಆಗಲ್ಲ. ಅದಕ್ಕೇ ನಮ್ಮ ಕೋಶದ ಕೆಲಸದಾಳುಗಳನ್ನು ಬಳಸಿಕೊಳ್ಳುತ್ತದೆ. ಈ ಆಳುಗಳೇ ಪ್ರೋಟೀನುಗಳು.

ಕೋಶ ಒಡೆಯುವಾಗ ಒಳಕೋಣೆಯ ಗೋಡೆ ಕರಗುತ್ತದೆ. ಎಳೆಗಳು ಎರಡು ಪಾಲಾಗಿ ಎರಡು ಹೊಸ ಮನೆಗೆ ಹೋಗುತ್ತವೆ. ಎಳೆಗೆ ಅಂಟದೆ ಇದ್ದದ್ದು ಹೊರಗೇ ಉಳಿದುಬಿಡುತ್ತದೆ. ವೈರಸ್ಸಿನ ಬಳೆಗೂ ಈ ಭಯ ಇದೆ. ಅದಕ್ಕೆ ವೈರಸ್ 'ಇ2' ಎಂಬ ಪ್ರೋಟೀನು ಮಾಡುತ್ತದೆ. ಅದು ಒಂದು ಕೈಯಲ್ಲಿ ಬಳೆ ಹಿಡಿಯುತ್ತದೆ. ಇನ್ನೊಂದು ಕೈಯಲ್ಲಿ ನಮ್ಮ ಎಳೆಯ ಮೇಲೆ ಕೂತ ನಮ್ಮದೇ ಪ್ರೋಟೀನನ್ನು ಹಿಡಿಯುತ್ತದೆ. ಉತ್ತರಾಣಿ ಸೀರೆ ಹಿಡಿದ ಹಾಗೆ. ಎರಡೂ ಹೊಸ ಮನೆಗೆ ವೈರಸ್ ಹೋಯಿತು.

ಹಸುವಿನ ಮೊಲೆಯ ಮೇಲೆ ನರಹುಲಿ ನೋಡಿದ್ದೀರಲ್ಲ? ಅದನ್ನು ತರುವುದು ಇದೇ ಜಾತಿಯ ಇನ್ನೊಂದು ವೈರಸ್. ಅದು ನಮ್ಮ ಯಾವ ಪ್ರೋಟೀನು ಹಿಡಿದು ನೇತಾಡುತ್ತದೆ ಎಂದು 2004ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಹಸುವಿನ ವೈರಸ್ಸಿನಿಂದ ನಮಗೆ ಕ್ಯಾನ್ಸರ್ ಬರಲ್ಲ. ಹೆದರದೆ ಹಾಲು ಕರೆಯಿರಿ.

ಅಂಟಿಕೊಂಡ ಮಾತ್ರಕ್ಕೆ ಕ್ಯಾನ್ಸರ್ ಆಗಲ್ಲ. ತೋಟದಲ್ಲಿ ಮೇಸ್ತ್ರಿ ಇದ್ದ ಹಾಗೆ ಕೋಶದಲ್ಲೂ ಇಬ್ಬರು ಮೇಸ್ತ್ರಿಗಳಿದ್ದಾರೆ. ಒಬ್ಬ, ಅಪ್ಪಣೆ ಇಲ್ಲದೆ ಒಡೆಯಬೇಡ ಅಂತಾನೆ. ಇನ್ನೊಬ್ಬನ ಹೆಸರು ಪಿ53. ಬರಹ ಕೆಟ್ಟಿದೆ, ರಿಪೇರಿ ಆಗೋವರೆಗೆ ನಿಲ್ಲು ಅಂತಾನೆ. ರಿಪೇರಿ ಆಗದಿದ್ದರೆ ಆ ಕೋಶ ಸಾಯುವ ಹಾಗೆ ಮಾಡುತ್ತಾನೆ. ವೈರಸ್ಸಿಗೆ ಇವರಿಬ್ಬರೂ ಅಡ್ಡಿ. ಕೋಶ ಬೆಳೆಯುತ್ತಿದ್ದರೆ ತಾನೆ ಅದಕ್ಕೂ ಸಾಮಾನು ಸಿಗೋದು? ಹಾಗಾಗಿ 'ಇ7' ಎಂಬ ಪ್ರೋಟೀನು ಮೊದಲನೆಯ ಮೇಸ್ತ್ರಿಯನ್ನು ಹಿಡಿದುಹಾಕುತ್ತದೆ. 'ಇ6' ಎಂಬುದು ಕೋಶದ ಕಸ ಗುಡಿಸುವ ಆಳನ್ನು ಕರೆದು ಪಿ53ಯನ್ನು ಕಸಕ್ಕೆ ಹಾಕಿಸುತ್ತದೆ. ನಮ್ಮನೆ ಪೊರಕೆ, ನಮ್ಮನೆ ಮೇಸ್ತ್ರಿ!

ಎಷ್ಟೋ ಸಲ ವರ್ಷಗಳ ಮೇಲೆ ಬಳೆ ಒಡೆದು ನಮ್ಮ ಎಳೆಯೊಳಗೇ ಸೇರಿಕೊಳ್ಳುತ್ತದೆ. ಆಗ ಇ2 ಹಾಳಾಗುತ್ತದೆ. ಇ6, ಇ7ಕ್ಕೆ ಲಗಾಮು ಹಾಕಿದ್ದದ್ದೂ ಅದೇ. ಲಗಾಮು ಹೋದ ಮೇಲೆ ಕೋಶ ಒಡೆಯುತ್ತಲೇ ಹೋಗುತ್ತದೆ.

ಈ ವೈರಸ್ ಗಂಡು ಹೆಣ್ಣು ಕೂಡುವಾಗ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ. ಗಂಡನಿಗೂ ಗೊತ್ತಾಗಲ್ಲ, ಹೆಂಡತಿಗೂ ಗೊತ್ತಾಗಲ್ಲ. ಯಾರನ್ನು ಬೈಯೋದು? ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಉಳಿದವರಲ್ಲೂ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15–20 ವರ್ಷ ಬೇಕು.

ಲಸಿಕೆ ಇದೆ. ನಮ್ಮ ದೇಶದಲ್ಲೇ ತಯಾರಾದದ್ದು 2023ರಲ್ಲಿ ಬಂತು. 9ರಿಂದ 14 ವರ್ಷದ ಹುಡುಗಿಯರಿಗೆ ಹಾಕಿಸುವುದು ಒಳ್ಳೆಯದು. ಬೀಜ ಸೀರೆಗೆ ಅಂಟುವ ಮೊದಲೇ ಅದು ತಡೆಯುತ್ತದೆ. ಅಂಟಿದ್ದನ್ನು ಬಿಡಿಸಲ್ಲ. ಅದಕ್ಕೇ 30 ವರ್ಷ ದಾಟಿದ ನಮ್ಮಂಥವರಿಗೆ ಪರೀಕ್ಷೆ ಬೇಕು, ಐದು ವರ್ಷಕ್ಕೊಮ್ಮೆ. ಗರ್ಭಕೋಶದ ಬಾಯಿಗೆ ವಿನಿಗರ್‌ನಂಥ ತೆಳು ಹುಳಿ ನೀರು ಸವರುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕೋಶ ಇದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಆ ಹಂತದಲ್ಲಾದರೆ ಬಿಸಿ ಮುಟ್ಟಿಸಿ ತೆಗೆಯಬಹುದು. ಗರ್ಭಕೋಶ ತೆಗೆಯಬೇಕಾಗಿಲ್ಲ. ಕಾಯಿಲೆ ಮುಂದುವರಿದಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಮುಟ್ಟು ನಿಂತು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋದರೆ, ಕೆಟ್ಟ ವಾಸನೆಯ ಬಿಳಿ ಹೋದರೆ ಐದು ವರ್ಷ ಕಾಯಬೇಡಿ. ಹಣ್ಣು ಕುಯ್ಯುವ ಕಾಲದಲ್ಲಿ ಒಂದು ದಿನದ ಕೂಲಿ ಬಿಡೋದು ಕಷ್ಟ, ನಿಜ. ಸಕಲೇಶಪುರಕ್ಕೋ ಆಲೂರಿಗೋ ಸಂತೆಗೆ ಹೋಗುವ ದಿನವೇ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಮಾಡುತ್ತಾರಾ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ನೆರೆಮನೆಯ ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ.